ಎರಡನೇ ಸರ್ವ್‌ನ ಚರಿತ್ರೆ: ಟೆನಿಸ್ ಚೆಂಡಿನ ಸ್ಪಿನ್ ಮತ್ತು ನಮ್ಮ ಪ್ರಸ್ಥಭೂಮಿ

ಟೆನಿಸ್ ಸರ್ವ್‌ಗೆ ಸ್ಪಿನ್ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಮೊದಲ ಉತ್ತರ ಅಂಕಣದ ಅಳತೆಯಲ್ಲೇ ಸಿಗುತ್ತದೆ. ಬೇಸ್‌ಲೈನ್‌ನಿಂದ ನೆಟ್‌ಗೆ 11.89 ಮೀಟರ್. ನಡುವೆ ನೆಟ್‌ನ ಎತ್ತರ 0.914 ಮೀಟರ್. ನೆಟ್‌ನಿಂದ ಆಚೆಯ ಸರ್ವಿಸ್ ಗೆರೆಗೆ 6.40 ಮೀಟರ್. ಚೆಂಡು ಎಲ್ಲೂ ಬಾಗದೆ ನೆಟ್ಟಗೆ ಹೋಗುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಅದು ನೆಟ್ ದಾಟಿ ಗೆರೆಯೊಳಗೆ ಬೀಳಬೇಕಾದರೆ ನೆಲದಿಂದ ಸುಮಾರು 2.61 ಮೀಟರ್ ಎತ್ತರದಲ್ಲಿ ಹೊಡೆತ ತಾಗಬೇಕು. ಕೈಯನ್ನೂ ರ‍್ಯಾಕೆಟ್ಟನ್ನೂ ಪೂರ್ತಿ ಚಾಚಿದರೂ ಸಾಧಾರಣ ಎತ್ತರದ ಆಟಗಾರನಿಗೆ ಅಲ್ಲಿ ಹೆಚ್ಚಿನ ಅವಕಾಶವೇನೂ ಉಳಿಯುವುದಿಲ್ಲ. ಗುರುತ್ವಾಕರ್ಷಣೆ ಚೆಂಡನ್ನು ಸ್ವಲ್ಪ ಇಳಿಸುತ್ತದೆ, ನಿಜ. ಆದರೆ ಹೊಡೆತ ಜೋರಾದಷ್ಟೂ ಆ ಇಳಿತಕ್ಕೆ ಸಿಗುವ ಸಮಯ ಕಡಿಮೆ. ಜೋರಾಗಿಯೂ ಹೊಡೆಯಬೇಕು, ಚೆಂಡು ಒಳಗೂ ಬೀಳಬೇಕು ಎಂದರೆ ಅದನ್ನು ಕೆಳಕ್ಕೆ ಎಳೆಯುವ ಇನ್ನೊಂದು ಬಲ ಬೇಕೇ ಬೇಕು. ಆ ಬಲವೇ ಸ್ಪಿನ್.

ಸರ್ವ್‌ನ ಸ್ಪಿನ್ ಅನ್ನು ಎದುರಾಳಿಯ ಕಣ್ಣಿಗೆ ಮಣ್ಣೆರಚುವ ವಿದ್ಯೆ ಎಂದು ವರ್ಣಿಸುವ ರೂಢಿಯಿದೆ. ಅದು ಹುಟ್ಟಿದ್ದು ಹಾಗೇ ಇರಬಹುದು. ಬೆಳೆದದ್ದು ಮಾತ್ರ ಎರಡನೇ ಸರ್ವ್‌ನ ಆಸರೆಯಾಗಿ. ಮೊದಲನೆಯದು ತಪ್ಪಿದ ಮೇಲೆ, ಇನ್ನು ತಪ್ಪುವಂತಿಲ್ಲ ಎನ್ನುವ ಘಳಿಗೆಯಲ್ಲಿ, ಕೈ ಬಿಗಿಹಿಡಿಯದೆ ಪೂರ್ತಿ ಬೀಸಲು ಧೈರ್ಯ ಕೊಟ್ಟದ್ದು ಸ್ಪಿನ್. ಈ ಲೇಖನ ಆ ಬೆಳವಣಿಗೆಯ ಜಾಡನ್ನು ಹಿಡಿದು ಕರ್ನಾಟಕದ ಅಂಕಣಗಳವರೆಗೆ ಬರುತ್ತದೆ.

ಚೆಂಡು ಗಾಳಿಯಲ್ಲಿ ಬಾಗುವುದನ್ನು ವಿಜ್ಞಾನಿಗಳು ಗಮನಿಸಿದ್ದು ಇಂದಿನ ಟೆನಿಸ್ ಹುಟ್ಟುವುದಕ್ಕೂ ಎರಡು ಶತಮಾನ ಮೊದಲು. ಐಸಾಕ್ ನ್ಯೂಟನ್ 1672ರಲ್ಲಿ ಬೆಳಕಿನ ಬಗ್ಗೆ ಬರೆದ ಪ್ರಸಿದ್ಧ ಪತ್ರದಲ್ಲಿ, ಓರೆ ಹಿಡಿದ ರ‍್ಯಾಕೆಟ್‌ನಿಂದ ಹೊಡೆದ ಚೆಂಡು ಬಾಗಿ ಸಾಗುವುದನ್ನು ಉದಾಹರಣೆಯಾಗಿ ತಂದಿದ್ದಾನೆ. ಅವನು ಕಂಡದ್ದು ಗೋಡೆಗಳ ನಡುವೆ ಆಡುತ್ತಿದ್ದ ಹಳೆಯ ಟೆನಿಸ್. ಮುಂದಿನ ಹೆಸರು ನಮಗೆ ಇನ್ನೂ ಹತ್ತಿರದ್ದು. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ತೋಪು-ಬಂದೂಕುಗಳ ಶಾಸ್ತ್ರದ ಪುಸ್ತಕ ಪ್ರಕಟಿಸಿದ. ಗುಂಡು ಗುರಿತಪ್ಪಲು ಅದರ ತಿರುಗುವಿಕೆಯೇ ಕಾರಣವೆಂದು ವಾದಿಸಿ, ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿದ ಬಂದೂಕಿನಿಂದ ಹಾರಿಸಿ ತೋರಿಸಿದ. ಗುಂಡು ಮೊದಲು ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ಬಾಗಿತು. ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ದಕ್ಷಿಣ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಅವನ ಪ್ರಯೋಗದ ಕೀರ್ತಿ ಮಾತ್ರ ನೂರು ವರ್ಷಗಳ ನಂತರ ಬರ್ಲಿನ್ನಿನ ಗುಸ್ಟಾವ್ ಮ್ಯಾಗ್ನಸ್‌ಗೆ ಸಂದಿತು. 1852ರ ಅವನ ಪ್ರಬಂಧದಿಂದಾಗಿ ಇಂದಿಗೂ ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತೇವೆ. ರಾಬಿನ್ಸ್‌ನ ಹೆಸರೂ ಅದಕ್ಕೆ ಸೇರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ತತ್ತ್ವ ಇಷ್ಟೇ: ಮುಂದಕ್ಕೆ ಉರುಳುವ ರೀತಿಯಲ್ಲಿ ತಿರುಗುತ್ತಾ ಹೋಗುವ ಚೆಂಡು, ಅಂದರೆ ಟಾಪ್‌ಸ್ಪಿನ್ ಇರುವ ಚೆಂಡು, ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಅದಕ್ಕೆ ಪ್ರತಿಯಾಗಿ ಗಾಳಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಟೆನಿಸ್ ಚೆಂಡಿನ ಮೇಲಿನ ಉಣ್ಣೆಯ ನಾರು ಗಾಳಿಯನ್ನು ಹಿಡಿಯಲು ಇನ್ನಷ್ಟು ನೆರವಾಗುತ್ತದೆ.

1877ನೇ ಇಸವಿ ಈ ಚರಿತ್ರೆಯಲ್ಲಿ ಎರಡು ಕಡೆ ಬರುತ್ತದೆ. ಲಾರ್ಡ್ ರೇಲೆ ಟೆನಿಸ್ ಚೆಂಡಿನ ಅಡ್ಡಾದಿಡ್ಡಿ ಹಾರಾಟದ ಬಗ್ಗೆ ಪ್ರಬಂಧ ಬರೆದದ್ದು ಆ ವರ್ಷ. ವಿಂಬಲ್ಡನ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆದದ್ದೂ ಆಗಲೇ. ಆಗ ಸರ್ವಿಸ್ ಗೆರೆ ನೆಟ್‌ನಿಂದ 26 ಅಡಿ ದೂರವಿತ್ತು. 1880ರ ಹೊತ್ತಿಗೆ ಅದನ್ನು ಈಗಿನ 21 ಅಡಿಗೆ ಒಳತಂದರು. ಐದು ಅಡಿ ಕಡಿತ ಎಂದರೆ ಸರ್ವ್ ಮಾಡುವವನಿಗೆ ಸಣ್ಣ ನಷ್ಟವಲ್ಲ. ಕೈ ಮೇಲೆತ್ತಿ ಹೊಡೆಯುವ ಸರ್ವ್ ಬಲಗೊಳ್ಳುತ್ತಿದ್ದ ಕಾಲದಲ್ಲೇ ಬೀಳಬೇಕಾದ ಜಾಗ ಕಿರಿದಾಯಿತು. ಸ್ಪಿನ್‌ನ ಅಗತ್ಯವನ್ನು ಹೆಚ್ಚಿಸಿದ ಬದಲಾವಣೆಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು.

ಅಗತ್ಯಕ್ಕೆ ಉತ್ತರ ಬಂದದ್ದು ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿದ ಯುವಕರಿಂದ. ಹೋಲ್‌ಕೂಂಬ್ ವಾರ್ಡ್ ಮತ್ತು ಡ್ವೈಟ್ ಡೇವಿಸ್ ಬೆಳೆಸಿದ ‘ಅಮೆರಿಕನ್ ಟ್ವಿಸ್ಟ್’ 1900ರ ಆಗಸ್ಟ್‌ನಲ್ಲಿ ಬಾಸ್ಟನ್‌ನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್‌ನಲ್ಲಿ ಬ್ರಿಟಿಷ್ ತಂಡವನ್ನು ಕಂಗೆಡಿಸಿತು. ಅದು ಡೇವಿಸ್ ಕಪ್‌ನ ಮೊಟ್ಟಮೊದಲ ಪಂದ್ಯ. ಚೆಂಡು ಗಾಳಿಯಲ್ಲಿ ಒಂದು ಕಡೆ ವಾಲಿ, ನೆಲ ಮುಟ್ಟಿದ ಮೇಲೆ ಇನ್ನೊಂದು ಕಡೆಗೆ ಎತ್ತರ ಜಿಗಿಯುತ್ತಿತ್ತು. ಇಂದು ಕಿಕ್ ಸರ್ವ್ ಎಂದು ಕರೆಯುವುದರ ಮೂಲ ಇದೇ.

ಅದನ್ನು ಹತ್ತಿರದಿಂದ ನೋಡೋಣ. ಚೆಂಡು ತಂತಿಗಳಿಗೆ ತಾಗಿರುವುದು ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಸ್ಪರ್ಶದ ನಡುವೆ ಏನನ್ನೂ ತಿದ್ದಲಾಗದು. ಎಲ್ಲವನ್ನೂ ಮೊದಲೇ ನಿರ್ಧರಿಸಿರಬೇಕು. ಹಿಡಿತ ಕಾಂಟಿನೆಂಟಲ್ ಆಗಿರಬೇಕು, ಅಂದರೆ ಸುತ್ತಿಗೆ ಹಿಡಿದಂತೆ. ಬಲಗೈ ಆಟಗಾರ ಸ್ಲೈಸ್ ಮಾಡಬೇಕಾದರೆ ಚೆಂಡನ್ನು ತುಸು ಬಲಕ್ಕೆ ಎಸೆದು ಅದರ ಬಲ ಪಕ್ಕವನ್ನು ಸವರುತ್ತಾನೆ. ಕಿಕ್‌ಗೆ ಚೆಂಡನ್ನು ತಲೆಯ ನೇರಕ್ಕೆ, ಸ್ವಲ್ಪ ಎಡಕ್ಕೆ ಎಸೆದು, ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಉಜ್ಜುತ್ತಾನೆ. ಸ್ಲೈಸ್‌ನಲ್ಲಿ ತಿರುಗುವ ಅಚ್ಚು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ಚೆಂಡು ಪಕ್ಕಕ್ಕೆ ಬಾಗಿ ತಗ್ಗಾಗಿ ಜಾರುತ್ತದೆ. ಕಿಕ್‌ನಲ್ಲಿ ಅಚ್ಚು ವಾಲಿ ಮಲಗುತ್ತದೆ, ಚೆಂಡು ನೆಟ್‌ನ ಮೇಲೆ ಸಾಕಷ್ಟು ಎತ್ತರದಲ್ಲಿ ಹೋಗಿಯೂ ಗೆರೆಯೊಳಗೆ ಕುಸಿದು, ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡ್ ಕಡೆ ಭುಜದೆತ್ತರಕ್ಕೆ ಪುಟಿಯುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿದ ಬುಗುರಿಯನ್ನು ಆಡಿಸಿದವರಿಗೆ ಇದು ಕೂಡಲೇ ತಿಳಿಯುತ್ತದೆ: ಬುಗುರಿ ನೆಟ್ಟಗೆ ನಿಲ್ಲುವುದೋ ಓರೆಯಾಗಿ ಸುತ್ತುವುದೋ ಎಂಬುದು ಕೈ ಬಿಡುವ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಸ್ಪಿನ್ ಹತೋಟಿ ಎಂದರೆ ಹೆಚ್ಚು ತಿರುಗಿಸುವುದಲ್ಲ, ಅಚ್ಚನ್ನು ಬೇಕಾದ ಕೋನದಲ್ಲಿ ನಿಲ್ಲಿಸುವುದು.

ಕೈಚಳಕ 1900ರಲ್ಲೇ ಇದ್ದರೂ ಸಲಕರಣೆ ಅದಕ್ಕೆ ತಕ್ಕಂತೆ ಬೆಳೆಯಲು ಮುಕ್ಕಾಲು ಶತಮಾನ ಹಿಡಿಯಿತು. ಮರದ ರ‍್ಯಾಕೆಟ್‌ನ ಮುಖ ಕಿರಿದು. ಜೋರಾಗಿ ಉಜ್ಜಿದರೆ ಚೆಂಡು ಚೌಕಟ್ಟಿಗೆ ತಾಗುವ ಭಯ. 1976ರಲ್ಲಿ ಹೊವಾರ್ಡ್ ಹೆಡ್ ರೂಪಿಸಿದ ಅಗಲ ಮುಖದ ಪ್ರಿನ್ಸ್ ರ‍್ಯಾಕೆಟ್ ಆ ಭಯವನ್ನು ತಗ್ಗಿಸಿತು. ಮರುವರ್ಷ ಎರಡು ಪದರ ತಂತಿಯ ‘ಸ್ಪಗೆಟಿ’ ರ‍್ಯಾಕೆಟ್ ಎಷ್ಟು ವಿಪರೀತ ಸ್ಪಿನ್ ಕೊಟ್ಟಿತೆಂದರೆ, ಇಲಿ ನಸ್ಟಾಸೆ ಅದನ್ನು ಹಿಡಿದು ಆಡಿದಾಗ ಗಿಯೆರ್ಮೊ ವಿಲಾಸ್ ಪಂದ್ಯವನ್ನೇ ಬಿಟ್ಟು ಹೊರನಡೆದರು. ಅದನ್ನು ನಿಷೇಧಿಸಬೇಕಾಯಿತು. 1997ರಲ್ಲಿ ಗುಸ್ತಾವೊ ಕುಯೆರ್ಟೆನ್ ಪಾಲಿಯೆಸ್ಟರ್ ತಂತಿಯೊಂದಿಗೆ ಫ್ರೆಂಚ್ ಓಪನ್ ಗೆದ್ದ ನಂತರ ಆ ತಂತಿ ಎಲ್ಲೆಡೆ ಹಬ್ಬಿತು. ನುಣುಪಾದ ಈ ತಂತಿ ಚೆಂಡಿನೊಂದಿಗೆ ಪಕ್ಕಕ್ಕೆ ಸರಿದು, ತಟ್ಟನೆ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯಿಂದ ಸ್ಪಿನ್ ಹೆಚ್ಚುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ಸ್ಪಿನ್ ಎಂದರೆ ಕ್ರಿಕೆಟ್‌ನ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ. 1971ರ ಓವಲ್ ಟೆಸ್ಟ್‌ನಲ್ಲಿ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತದ್ದನ್ನು ಬಾಯಿಪಾಠವಾಗಿ ಹೇಳುವವರು ಊರೂರಲ್ಲಿದ್ದಾರೆ. ಟೆನಿಸ್ ಸರ್ವ್‌ಗೂ ಅದೇ ಆಸ್ಥೆ ಸಲ್ಲಬೇಕು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಕಣ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಚೆನ್ನೈಗಿಂತ ಶೇ. 8ರಷ್ಟು ಕಡಿಮೆ. ಮ್ಯಾಗ್ನಸ್ ಬಲ ಗಾಳಿಯ ಸಾಂದ್ರತೆಗೆ ಅನುಗುಣವಾಗಿರುವುದರಿಂದ, ಅಷ್ಟೇ ಸ್ಪಿನ್ ಕೊಟ್ಟರೂ ಚೆಂಡು ಇಲ್ಲಿ ಕಡಿಮೆ ಬಾಗುತ್ತದೆ. ಗಾಳಿಯ ತಡೆಯೂ ಕಡಿಮೆಯಾದ್ದರಿಂದ ವೇಗವಾಗಿ ಹೋಗುತ್ತದೆ. ಎತ್ತರದ ಊರುಗಳಿಗೆಂದು ಇರುವ ವಿಶೇಷ ಚೆಂಡನ್ನು ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ 1,219 ಮೀಟರ್ ಮೇಲ್ಪಟ್ಟ ಜಾಗಗಳಿಗೆ ಮಾತ್ರ ಗೊತ್ತುಮಾಡಿದೆ. ಬೆಂಗಳೂರು ಆ ಗೆರೆಯ ಕೆಳಗೆ ಉಳಿದಿದೆ. ಹಾಗಾಗಿ ಕರಾವಳಿಯಲ್ಲಿ ಆಡಿ ಪಳಗಿದವರು ಇಲ್ಲಿಗೆ ಬಂದರೆ ಎರಡನೇ ಸರ್ವ್‌ಗೆ ಇನ್ನಷ್ಟು ಉಜ್ಜಬೇಕು, ಇಲ್ಲವೇ ವೇಗ ಇಳಿಸಬೇಕು. ಇಲ್ಲಿಯೇ ಬೆಳೆದವರಿಗೆ ಈ ಲೆಕ್ಕ ಕೈಗೇ ಅಂಟಿರುತ್ತದೆ. 2018ರ ಬೆಂಗಳೂರು ಓಪನ್ ಗೆದ್ದ ಪ್ರಜ್ಞೇಶ್ ಗುಣೇಶ್ವರನ್ ಎಡಗೈ ಆಟಗಾರ. ಎಡಗೈನ ಸ್ಲೈಸ್ ಅಡ್ವಾಂಟೇಜ್ ಕೋರ್ಟ್‌ನಲ್ಲಿ ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡನ್ನು ಅಂಕಣದ ಹೊರಕ್ಕೆ ಎಳೆಯುವುದರಿಂದ, ತೆಳು ಗಾಳಿಯಲ್ಲೂ ಅದರ ಬೆಲೆ ಉಳಿಯುತ್ತದೆ.

ಕರ್ನಾಟಕಕ್ಕೆ ಟೆನಿಸ್‌ನಲ್ಲಿ ದೊಡ್ಡ ಹೆಸರು ಬಂದದ್ದು ಡಬಲ್ಸ್‌ನಿಂದ. ಬೆಂಗಳೂರನ್ನು ಮನೆಮಾಡಿಕೊಂಡ ಮಹೇಶ್ ಭೂಪತಿ 1997ರಲ್ಲಿ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್‌ಸ್ಲಾಂ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿನಲ್ಲಿ ಡಬಲ್ಸ್‌ನ ವಿಶ್ವದ ಒಂದನೇ ಸ್ಥಾನಕ್ಕೆ ಏರಿದರು. ಫೈನಲ್‌ನ ಅಂಕ 7–6, 7–5. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿ ಬೊಲೆಲ್ಲಿ–ವವಸೋರಿ ಜೋಡಿಗೆ ಒಂದೂ ಪಾಯಿಂಟ್ ಸಿಗಲಿಲ್ಲ. ಸರ್ವ್ ಮುರಿಯುವುದು ಅಷ್ಟು ಕಷ್ಟವಾಗಿರುವ ಆಟದಲ್ಲಿ ಎರಡನೇ ಸರ್ವ್ ಸಡಿಲವಾದರೆ ಸೆಟ್ ಕೈತಪ್ಪಿದಂತೆ. ಡಬಲ್ಸ್‌ನಲ್ಲಿ ಕಿಕ್‌ಗೆ ಇನ್ನೊಂದು ಉಪಯೋಗವೂ ಇದೆ: ನಿಧಾನವಾಗಿ ಸಾಗಿ ಎತ್ತರಕ್ಕೆ ಪುಟಿಯುವುದರಿಂದ ಸರ್ವ್ ಮಾಡಿದವರಿಗೆ ನೆಟ್ ಕಡೆ ಬರಲು ಸಮಯ ಸಿಗುತ್ತದೆ, ಮುಂದೆ ನಿಂತ ಜೊತೆಗಾರನಿಗೆ ಅಡ್ಡ ಹೋಗಲು ದಾರಿಯಾಗುತ್ತದೆ. 2006ರಿಂದ ಎಟಿಪಿ ಡಬಲ್ಸ್ ಪಂದ್ಯಗಳಲ್ಲಿ ಡ್ಯೂಸ್ ಆದಾಗ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನವಾಗುವ ನಿಯಮ ಬಂದ ಮೇಲೆ ಆ ಒಂದು ಸರ್ವ್‌ನ ತೂಕ ಇನ್ನೂ ಹೆಚ್ಚಿತು. ಮೊಣಕಾಲಿನ ಮೃದ್ವಸ್ಥಿ ಸವೆದರೂ ಅಯ್ಯಂಗಾರ್ ಯೋಗದ ನೆರವಿನಿಂದ ಬೋಪಣ್ಣ ಅಷ್ಟು ವರ್ಷ ಆಡಿದ್ದು ಸರ್ವ್‌ನ ಚರಿತ್ರೆಗೂ ಸೇರುವ ಸಂಗತಿ, ಏಕೆಂದರೆ ಸರ್ವ್‌ನ ಬಲ ನೆಲದಿಂದ ಮೊಣಕಾಲಿನ ಮೂಲಕವೇ ಮೇಲಕ್ಕೇರುತ್ತದೆ.

ಬೋಪಣ್ಣನವರ ಹೆಸರಿನ ಟೆನಿಸ್ ಅಕಾಡೆಮಿ ಕನಕಪುರ ರಸ್ತೆಯ ‘ದಿ ಸ್ಪೋರ್ಟ್ಸ್ ಸ್ಕೂಲ್’ನಲ್ಲಿ ನೆಲೆಯೂರಿದ್ದರಿಂದ, ಕನಕಪುರ–ರಾಮನಗರ ಸೀಮೆಯ ಮಕ್ಕಳಿಗೆ ಈ ವಿದ್ಯೆ ಹತ್ತಿರ ಬಂದಿದೆ. ಇಲ್ಲಿ ತರಬೇತುದಾರರು ಮರೆಯಬಾರದ ಸಂಗತಿಯೊಂದಿದೆ. ಕಿಕ್‌ಗಾಗಿ ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ತಿರುಚುವುದು ಬೆಳೆಯುವ ವಯಸ್ಸಿನವರ ಸೊಂಟದ ಮೂಳೆಗೆ ಭಾರ. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಿಗೆ 2012ರಿಂದ ನಿಧಾನಗತಿಯ ಚೆಂಡು ಕಡ್ಡಾಯವಾದದ್ದು ಒಳ್ಳೆಯದಾಯಿತು. ಮೊದಲು ಹಿಡಿತ, ಆಮೇಲೆ ಸ್ಲೈಸ್, ದೇಹ ಗಟ್ಟಿಯಾದ ಮೇಲೆ ಕಿಕ್ ಎಂಬ ಕ್ರಮವೇ ಸರಿ ಎಂದು ನಾನು ನಂಬುತ್ತೇನೆ.

ಸಂಶೋಧಕರ ಮುಂದೆ ಉಳಿದಿರುವ ಕೆಲಸ ಆಕರಗಳದ್ದು. ಅಂಕಪಟ್ಟಿಯಲ್ಲಿ ಸ್ಪಿನ್ ದಾಖಲಾಗುವುದಿಲ್ಲ. ಕ್ಯಾಮೆರಾಗಳು ಚೆಂಡಿನ ಹಾದಿಯನ್ನು ಅಳೆಯಲು ತೊಡಗಿದ್ದು ಈಚೆಗೆ, ಅದೂ ದೊಡ್ಡ ಟೂರ್ನಿಗಳಲ್ಲಿ. ಮರದ ರ‍್ಯಾಕೆಟ್ ಮತ್ತು ಕರುಳಿನ ತಂತಿಯ ಕಾಲದಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿಯ ಕ್ಲಬ್‌ಗಳಲ್ಲಿ ಆಡಿದ ಹಿರಿಯರು ಚೆಂಡನ್ನು ಎಲ್ಲಿಗೆ ಎಸೆಯುತ್ತಿದ್ದರು, ಎರಡನೇ ಸರ್ವ್‌ಗೆ ಹಿಡಿತ ಬದಲಿಸುತ್ತಿದ್ದರೇ, ಹುಲ್ಲಿನ ಅಂಕಣದಿಂದ ಮಣ್ಣಿನ ಅಂಕಣಕ್ಕೆ ಬಂದಾಗ ಏನು ತಿದ್ದಿಕೊಂಡರು ಎಂಬುದನ್ನು ಅವರನ್ನೇ ಕೇಳಿ, ಸಾಧ್ಯವಾದರೆ ಅವರ ಕೈಗೆ ಹಳೆಯ ರ‍್ಯಾಕೆಟ್ ಕೊಟ್ಟು ವಿಡಿಯೊ ಮಾಡಿಟ್ಟುಕೊಳ್ಳಬೇಕು.