ಹಂಡೆಯ ಮುಚ್ಚಳ

ಜನವರಿಯ ಬೆಳಗಿನ ಜಾವ ಉಷ್ಣಾಂಶ 18 ಡಿಗ್ರಿಗೆ ಇಳಿದರೆ ಸಾಕು, ವಿಲೆ ಪಾರ್ಲೆಯ ಬೀದಿಗಳಲ್ಲಿ ವಾಕಿಂಗ್ ಹೊರಟವರ ಮೈಮೇಲೆ ಸ್ವೆಟರ್ ಕಾಣಿಸುತ್ತದೆ. ಪಶ್ಚಿಮಕ್ಕೆ, ಜುಹೂ ಕಡೆಯ ಬಂಗಲೆಗಳಲ್ಲಿ ಮನೆಯದೇ ಈಜುಕೊಳಗಳಿವೆ. ಹಳೆಯ ಮನೆಗಳನ್ನು ಕೆಡವಿ ಕಟ್ಟಿದ ಹೊಸ ವಸತಿ ಕಟ್ಟಡಗಳಲ್ಲೂ ಒಂದೊಂದು ಕೊಳ ಬಂದಿದೆ. ಮೇ ತಿಂಗಳಲ್ಲಿ ಮಕ್ಕಳು ಕರೆದರೂ ಹೊರಬರದ ಅದೇ ನೀರಿಗೆ ಜನವರಿಯಲ್ಲಿ ಕಾಲಿಡುವವರಿಲ್ಲ. ಆಗ ಪ್ರಶ್ನೆ ಏಳುತ್ತದೆ: ಯಾವ ಹೀಟರ್ ಹಾಕಿಸುವುದು? ಮಾರುವವರು ಹೇಳುವ ಉತ್ತರ ಸಾಮಾನ್ಯವಾಗಿ ಮೂರು: ಗ್ಯಾಸ್, ಸೋಲಾರ್, ಹೀಟ್ ಪಂಪ್. ಮೂರಕ್ಕೂ ಒಂದೊಂದು ಚರಿತ್ರೆಯಿದೆ. ಅವಕ್ಕಿಂತ ಮೊದಲಿನ ಪಾಠವೊಂದು ನಮ್ಮ ಬಚ್ಚಲುಮನೆಗಳಲ್ಲೇ ಇತ್ತು.

ಆ ಪಾಠ ಹಂಡೆಯದು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಉತ್ತರ ಕರ್ನಾಟಕದಲ್ಲಾದರೆ ಹಿಂಡಲಕಾಯಿಯ ಬಳ್ಳಿ ಸುತ್ತಿ ಸಿಂಗರಿಸುತ್ತಾರೆ. ಈ ಪೂಜೆ ದುಡಿಯುವ ವಸ್ತುವಿಗೆ ಸಲ್ಲುವ ಮರ್ಯಾದೆ. ಹಂಡೆಯನ್ನು ಒಲೆಯ ಮೇಲೆ ಸುಮ್ಮನೆ ಇಡುತ್ತಿರಲಿಲ್ಲ. ಸುತ್ತ ಮಣ್ಣು ಮೆತ್ತಿ ಒಲೆಯೊಳಗೇ ಕೂರಿಸುತ್ತಿದ್ದರು. ಉರಿ ತಳಕ್ಕೂ ಪಕ್ಕಕ್ಕೂ ತಾಗುತ್ತಿತ್ತು, ಮಣ್ಣಿನ ಗೋಡೆ ಶಾಖವನ್ನು ಹಿಡಿದಿಡುತ್ತಿತ್ತು. ಬಾಯಿಗೊಂದು ಮುಚ್ಚಳ. ರಾತ್ರಿ ಕೆಂಡ ಮುಚ್ಚಿಟ್ಟರೆ ಬೆಳಗ್ಗೆ ನೀರು ಉಗುರುಬೆಚ್ಚಗಿರುತ್ತಿತ್ತು.

ಮರಾಠಿ ಮನೆಗಳಲ್ಲಿ ಇದೇ ಕೆಲಸವನ್ನು ಮಾಡಿದ್ದು 'ಬಂಬ'. ಎತ್ತರದ ತಾಮ್ರದ ಪಾತ್ರೆ, ಅದರ ನಟ್ಟನಡುವೆ ಬೆಂಕಿಯ ಕೊಳವೆ, ಕೆಳಗೊಂದು ನಲ್ಲಿ. ಉರಿಯನ್ನು ನೀರೇ ಸುತ್ತುವರಿಯುವುದರಿಂದ ಕಡಿಮೆ ಸೌದೆಗೆ ಹೆಚ್ಚು ನೀರು ಕಾಯುತ್ತದೆ. ಪದ ಪೋರ್ಚುಗೀಸರ 'ಬೊಂಬಾ'ದಿಂದ ಬಂದದ್ದು. ಅಲ್ಲಿ ಅದರ ಅರ್ಥ ನೀರೆತ್ತುವ ಪಂಪು. ಬೆಂಕಿ ಆರಿಸುವ ವಾಹನಕ್ಕೂ, ಬೆಂಕಿ ಹಚ್ಚಿ ನೀರು ಕಾಯಿಸುವ ಪಾತ್ರೆಗೂ ಮರಾಠಿಯಲ್ಲಿ ಇದೊಂದೇ ಹೆಸರು.

ಹಂಡೆಯಾಗಲಿ ಬಂಬವಾಗಲಿ, ಬೆಳಗಿನ ಜಾವ ಎದ್ದು ಹೊಗೆಯಲ್ಲಿ ಕೂತು ಉರಿ ಹಚ್ಚುತ್ತಿದ್ದವರು ಬಹುಪಾಲು ಹೆಂಗಸರು ಮತ್ತು ಮನೆಯ ಆಳುಗಳು. ಬಿಸಿನೀರು ಮೊದಲು ಸಿಗುತ್ತಿದ್ದುದು ಮನೆಯ ಯಜಮಾನನಿಗೆ. ಒಲೆ ಹಚ್ಚಿದವಳ ಸ್ನಾನದ ಸರದಿ ಬರುವ ಹೊತ್ತಿಗೆ ಹಂಡೆಗೆ ಎಷ್ಟೋ ಸಲ ತಣ್ಣೀರು ಬೆರೆತಿರುತ್ತಿತ್ತು. ಕೊಳದಷ್ಟು ನೀರು ಕಾಯಿಸಬೇಕಾದರೆ ಈ ದುಡಿಮೆಯೂ ಅಷ್ಟೇ ಬೆಳೆಯುತ್ತದೆ. ರೋಮ್ ನಗರದಲ್ಲಿ ಬಿಸಿನೀರಿನ ಈಜುಕೊಳವನ್ನು ಮೊದಲು ಕಟ್ಟಿಸಿದವನು ಚಕ್ರವರ್ತಿ ಆಗಸ್ಟಸನ ಆಪ್ತ ಮೆಸೀನಸ್ ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಅಂಥ ಸ್ನಾನಗೃಹಗಳ ನೆಲದಡಿಯ ಕುಲುಮೆಗಳಿಗೆ ಸೌದೆ ಒಟ್ಟುತ್ತಿದ್ದವರು ಗುಲಾಮರು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಸೌದೆಯಿಂದ ಬಿಡುಗಡೆ ಕೊಟ್ಟದ್ದು ಗ್ಯಾಸು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಹರಿಯುವ ನೀರನ್ನು ಗ್ಯಾಸಿನ ಉರಿಯಿಂದ ತಕ್ಷಣ ಕಾಯಿಸುವ ಯಂತ್ರ ಮಾಡಿದ. ಅದಕ್ಕಿಟ್ಟ ಹೆಸರು 'ಗೀಸರ್', ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆ 'ಗೇಸಿರ್' ಹೆಸರಿನಿಂದ ಬಂದ ಪದ. ಇಂದು ವಿದ್ಯುತ್ತಿನಿಂದ ನಡೆಯುವ ಪೆಟ್ಟಿಗೆಯನ್ನೂ ಕನ್ನಡದಲ್ಲಿ ಗೀಸರ್ ಎಂದೇ ಕರೆಯುತ್ತೇವೆ. ಮಾನ್‌ನ ಯಂತ್ರದಲ್ಲಿ ಒಂದು ದೋಷವಿತ್ತು: ಉರಿದ ಗ್ಯಾಸಿನ ಹೊಗೆ ಹೊರಹೋಗಲು ಕೊಳವೆಯೇ ಇರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸು ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಬರದ ಸುದ್ದಿ ಮುಂಬಯಿಯಲ್ಲೂ ಬೆಂಗಳೂರಿನಲ್ಲೂ ಈಗಲೂ ಬರುತ್ತಿದೆ. ಕೊಳದ ಗ್ಯಾಸ್ ಬಾಯ್ಲರನ್ನು ಬಯಲಲ್ಲಿ, ಇಲ್ಲವೇ ಹೊಗೆ ಹೊರಹೋಗುವ ವ್ಯವಸ್ಥೆಯಿರುವ ಕಡೆಯೇ ಇಡಬೇಕಾದದ್ದು ಇದೇ ಅಪಾಯದಿಂದಾಗಿ.

ಎರಡನೆಯ ಉತ್ತರ ಬಿಸಿಲು. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 'ಕ್ಲೈಮ್ಯಾಕ್ಸ್' ಎಂಬ ಸೋಲಾರ್ ಹೀಟರಿಗೆ ಪೇಟೆಂಟ್ ಪಡೆದ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣದ ಟ್ಯಾಂಕು. ಹಗಲು ಕಾಯುತ್ತಿತ್ತು, ರಾತ್ರಿ ಆರುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಕಾಯಿಸುವ ಕೊಳವೆಗಳನ್ನು ಬಿಸಿಲಿಗಿಟ್ಟ, ಟ್ಯಾಂಕನ್ನು ಬೇರೆ ಮಾಡಿ ಶಾಖ ಸೋರದಂತೆ ಸುತ್ತಿಟ್ಟ. ನೀರು ಮರುದಿನ ಬೆಳಗ್ಗೆಯೂ ಬಿಸಿಯಿತ್ತು. ಆತ ಇಟ್ಟ ಹೆಸರು 'ಡೇ ಅಂಡ್ ನೈಟ್'. ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ನಿಂತಿರುವ ಟ್ಯಾಂಕುಗಳು ಇದೇ ವಂಶದವು. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಕರ್ನಾಟಕ ಸರ್ಕಾರ 2007ರಲ್ಲಿ ಅವನ್ನು ಕಡ್ಡಾಯ ಮಾಡಿತು.

ಮೂರನೆಯದು ಹೀಟ್ ಪಂಪ್. ಶಾಖವನ್ನು ಹುಟ್ಟಿಸುವುದರ ಬದಲು ತಣ್ಣಗಿನ ಕಡೆಯಿಂದ ಬೆಚ್ಚಗಿನ ಕಡೆಗೆ ಎತ್ತಿ ಸಾಗಿಸಬಹುದು ಎಂಬ ವಿಚಾರವನ್ನು 1852ರಲ್ಲಿ ಮುಂದಿಟ್ಟವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಕಲ್ಲಿದ್ದಲನ್ನು ಹೊರಗಿನಿಂದ ತರಿಸಬೇಕಿದ್ದ ಸ್ವಿಟ್ಜರ್ಲೆಂಡ್ ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಜ್ಯೂರಿಕ್ ನಗರದ ಪುರಭವನಕ್ಕೆ 1938ರಲ್ಲಿ ಹೀಟ್ ಪಂಪ್ ಬಂತು. ಯುದ್ಧಕಾಲದ 1941ರಲ್ಲಿ ಅಲ್ಲಿನ ಸಾರ್ವಜನಿಕ ಈಜುಕೊಳಕ್ಕೂ ಬಂತು. ನಮ್ಮ ಫ್ರಿಜ್ಜು ಮಾಡುವುದೂ ಇದನ್ನೇ. ಒಳಗಿನ ಶಾಖವನ್ನು ಎತ್ತಿ ಬೆನ್ನಿನಿಂದ ಹೊರಬಿಡುತ್ತದೆ.

ಈಗ ಪಾರ್ಲೆಯ ಕೊಳಕ್ಕೆ ಮರಳಿ ಲೆಕ್ಕ ಹಾಕಬಹುದು. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಕೊಳದಲ್ಲಿ ಹಿಡಿಯುವುದು 40,000 ಲೀಟರ್. ಅದನ್ನು 24 ಡಿಗ್ರಿಯಿಂದ 28ಕ್ಕೆ ಏರಿಸಲು 1,60,000 ಕಿಲೋಕ್ಯಾಲೊರಿ ಬೇಕು. ಸಾದಾ ವಿದ್ಯುತ್ ಕಾಯಿಲಿನಿಂದಾದರೆ ಸುಮಾರು 186 ಯೂನಿಟ್. ಮುಂಬಯಿಯ ಬೆಚ್ಚನೆಯ ಗಾಳಿಯಿಂದ ಒಂದಕ್ಕೆ ಐದು ಪಟ್ಟು ಶಾಖ ಎತ್ತುವ ಹೀಟ್ ಪಂಪಿಗೆ 37 ಯೂನಿಟ್ ಸಾಕು. ಸೋಲಾರಿಗೆ ಕೊಳವೇ ಟ್ಯಾಂಕು, ಬೇರೆ ಟ್ಯಾಂಕು ಬೇಡ. ಆದರೆ ಕೊಳದ ವಿಸ್ತಾರದ ಅರ್ಧದಷ್ಟಾದರೂ ಫಲಕಗಳಿಗೆ ತಾರಸಿಯಲ್ಲಿ ಜಾಗ ಬೇಕು. ವಿಮಾನ ನಿಲ್ದಾಣದ ಪಕ್ಕದಲ್ಲಿರುವ ಪಾರ್ಲೆಯಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ಹಾಗಾಗಿ ಗೋಪುರಗಳ ನೆರಳು ಕಡಿಮೆ, ತಾರಸಿಗಳಿಗೆ ಬಿಸಿಲು ಹೆಚ್ಚು. ಅಪರೂಪಕ್ಕೊಮ್ಮೆ, ಬೇಗನೆ ಕಾಯಿಸಬೇಕಾದವರಿಗೆ ಗ್ಯಾಸು ಸರಿ. ದಿನವೂ ಈಜುವವರಿಗೆ ಅದು ದುಬಾರಿ.

ಹೀಗೆ ಕಾಯಿಸಿದ ಶಾಖ ಆಮೇಲೆ ಎಲ್ಲಿಗೆ ಹೋಗುತ್ತದೆ? ಬಹುಪಾಲು ಮೇಲಕ್ಕೆ, ಆವಿಯಾಗಿ. ಚಳಿಗಾಲದಲ್ಲಿ ಮುಂಬಯಿಗೆ ನೆಲದ ಕಡೆಯಿಂದ ಬೀಸುವ ಗಾಳಿ ಒಣದು, ನೀರನ್ನು ಬೇಗ ಹೀರುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಹೊತ್ತೊಯ್ಯುತ್ತದೆ. ಈ ಕೊಳದ ಮೇಲ್ಮೈಯಿಂದ ಬರೀ 4 ಮಿಲಿಮೀಟರ್ ನೀರು ಹೋದರೂ ಅದು 128 ಲೀಟರ್. ಅಷ್ಟಕ್ಕೇ ಇಡೀ ಕೊಳ ಸುಮಾರು ಎರಡು ಡಿಗ್ರಿ ತಣಿಯುತ್ತದೆ. ಏರಿಸಿದ್ದರ ಅರ್ಧ ಹೋದಂತೆ.

ಆ 128 ಲೀಟರಿಗೆ ಇನ್ನೊಂದು ಲೆಕ್ಕವೂ ಇದೆ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ ಸಿಗಬೇಕೆಂದು ದೇಶದ ನೀರು ಪೂರೈಕೆ ಮಾನದಂಡ ಹೇಳುವುದು 135 ಲೀಟರ್. ಕೊಳದಿಂದ ಆರಿಹೋದದ್ದು ಹೆಚ್ಚುಕಡಿಮೆ ಒಬ್ಬರ ಒಂದು ದಿನದ ನೀರು. ಮುಂಬಯಿಗೆ 1892ರಿಂದ ನೀರುಣಿಸುತ್ತಿರುವ ತಾನ್ಸಾ ಜಲಾಶಯ ನಗರದಿಂದ ಬಹುದೂರದಲ್ಲಿದೆ. ಅದೇ ತಾನ್ಸಾ ನದಿಯ ದಡದ ವಜ್ರೇಶ್ವರಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿ ಶಾಖ ಬಿಟ್ಟಿ, ಪುತ್ತೂರಿನ ಬೆಂದ್ರು ತೀರ್ಥದಲ್ಲಿರುವಂತೆ. ಪಾರ್ಲೆಯಲ್ಲಿ ನೀರು, ಶಾಖ ಎರಡಕ್ಕೂ ಬೆಲೆಯಿದೆ.

ಆದ್ದರಿಂದ ಹೀಟರ್ ಆರಿಸುವ ಮೊದಲು ಕೊಳ್ಳಬೇಕಾದದ್ದು ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಹೊದಿಕೆ. ಅದನ್ನು ಹಾಸಿದ ರಾತ್ರಿ ಆವಿ ಬಹುಮಟ್ಟಿಗೆ ನಿಲ್ಲುತ್ತದೆ. ಚಿಕ್ಕ ಹೀಟರೇ ಸಾಕಾಗುತ್ತದೆ, ಪಾರ್ಲೆಯ ಹವೆಯಲ್ಲಿ ಬಿಸಿಲೊಂದೇ ಸಾಕಾಗುವ ದಿನಗಳೂ ಹೆಚ್ಚುತ್ತವೆ. ಹೊದಿಕೆಗೆ ಮೋಟಾರು ಬೇಡ, ವಿದ್ಯುತ್ ಬೇಡ. ಸಂಜೆ ಎಳೆದು ಹಾಸಿ ಬೆಳಗ್ಗೆ ಸುತ್ತಿಡಲು ಎರಡು ಕೈ ಬೇಕು, ಆ ಕೈಗಳು ಈಜುವವರವೇ ಆಗಬಹುದು. ಕೊನೆಯ ಚೊಂಬು ನೀರು ತೆಗೆದುಕೊಂಡ ಮೇಲೆ ಮುಚ್ಚಳ ಹಾಕದೆ ಬಂದವರನ್ನು ಹಂಡೆಯ ಮನೆಗಳಲ್ಲಿ ಗದರಿಸುತ್ತಿದ್ದರು. ಗದರಿಸುತ್ತಿದ್ದವರು ಒಲೆ ಹಚ್ಚಿದವರೇ. ಶಾಖದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.