ನಿರೀಕ್ಷೆಯೂ ಸಿದ್ಧಿಯೂ

ವಾನರವೀರರು ದಕ್ಷಿಣಸಮುದ್ರದ ತೀರದಲ್ಲಿ ಕುಳಿತು, ನೂರು ಯೋಜನದ ಕಡಲನ್ನು ದಾಟುವವರು ಯಾರೆಂದು ಚಿಂತಾಕ್ರಾಂತರಾಗಿದ್ದಾಗ, ಏಕಾಂತದಲ್ಲಿ ಸುಮ್ಮನಿದ್ದ ಆಂಜನೇಯನ ಬಳಿಗೆ ವೃದ್ಧನಾದ ಜಾಂಬವಂತನು ಬಂದು, ಅವನ ಜನ್ಮವೃತ್ತಾಂತವನ್ನೂ ಬಲವನ್ನೂ ಅವನಿಗೇ ನೆನಪುಮಾಡಿಕೊಟ್ಟನೆಂದು ರಾಮಾಯಣವು ಹೇಳುತ್ತದೆ. ಆ ಮಾತನ್ನು ಕೇಳಿದೊಡನೆಯೇ ಮಾರುತಿಯ ದೇಹವು ಬೆಳೆಯಿತು, ಕಡಲು ಕಿರಿದಾಯಿತು. ಇದಕ್ಕೆ ನೇರವಾಗಿ ಎದುರಾದ ಚಿತ್ರವು ಮಹಾಭಾರತದ ಕರ್ಣಪರ್ವದಲ್ಲಿದೆ. ಕರ್ಣನ ರಥವನ್ನು ನಡೆಸಲು ಕುಳಿತ ಶಲ್ಯನು, ಧರ್ಮರಾಜನಿಗೆ ಮೊದಲೇ ಕೊಟ್ಟಿದ್ದ ಮಾತಿನಂತೆ, ಹಂಸವನ್ನು ಕೆಣಕಿದ ಕಾಗೆಯ ಕಥೆಯನ್ನು ಹೇಳಿ, ತನ್ನ ರಥಿಕನ ತೇಜಸ್ಸನ್ನು ರಣಾಂಗಣದಲ್ಲಿಯೇ ಕುಗ್ಗಿಸತೊಡಗಿದನು. ಆಂಜನೇಯನಿಗೂ ಕರ್ಣನಿಗೂ ಪರಾಕ್ರಮದಲ್ಲಿ ಕೊರತೆಯಿರಲಿಲ್ಲ. ಒಬ್ಬನ ಬೆನ್ನ ಹಿಂದೆ ಅವನಿಂದ ಮಹತ್ತಾದುದನ್ನು ನಿರೀಕ್ಷಿಸುವವನಿದ್ದನು. ಇನ್ನೊಬ್ಬನ ಮುಂದೆ ಅವನ ಸೋಲನ್ನು ನಿರೀಕ್ಷಿಸುವವನು ಕುಳಿತಿದ್ದನು.

ಹೀಗೆ ಇತರರು ಒಬ್ಬನಿಂದ ಏನನ್ನು ಎದುರುನೋಡುವರೋ, ಅವನು ತನ್ನಿಂದ ತಾನೇ ಏನನ್ನು ಎದುರುನೋಡುವನೋ, ಅದು ಅವನ ಕಾರ್ಯಸಿದ್ಧಿಯನ್ನು ಎಷ್ಟರಮಟ್ಟಿಗೆ ರೂಪಿಸುವುದೆಂಬ ಪ್ರಶ್ನೆಯು ಬಹು ಹಳೆಯದು. ಇದನ್ನು ಪರೀಕ್ಷಿಸುವುದಕ್ಕೆ ಆಟದ ಬಯಲಿಗಿಂತ ತಕ್ಕ ಸ್ಥಳವು ವಿರಳ. ಅಲ್ಲಿ ಸೋಲುಗೆಲುವುಗಳು ಲೆಕ್ಕಕ್ಕೆ ಸಿಕ್ಕುವಂಥವು; ಇಸವಿಯೂ ಅಂಕೆಯೂ ಉಳಿದಿರುತ್ತವೆ. ಕನ್ನಡನಾಡಿನ ಕ್ರಿಕೆಟ್ ಆಟದ ಚರಿತ್ರೆಯಲ್ಲಿ 1934ರಿಂದ 1974ರವರೆಗಿನ ನಲವತ್ತು ವರ್ಷಗಳು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿವೆ.

ಭಾರತದ ಪ್ರಾಂತಗಳೂ ಸಂಸ್ಥಾನಗಳೂ ಅಂದು ಸ್ಪರ್ಧಿಸುತ್ತಿದ್ದ ರಣಜಿ ಪ್ರಶಸ್ತಿಯ ಮೊಟ್ಟಮೊದಲನೆಯ ಪಂದ್ಯವು ಮದರಾಸಿನ ಚೇಪಾಕದಲ್ಲಿ 1934ರ ನವೆಂಬರ್ 4ರಂದು ನಡೆಯಿತು. ಆಡಿದವರು ಮದರಾಸಿನವರೂ ಮೈಸೂರಿನವರೂ. ಮೈಸೂರು ತಂಡವು ಮೊದಲು 48 ಓಟಗಳಿಗೂ ಮತ್ತೆ 59 ಓಟಗಳಿಗೂ ಉರುಳಿತು. ಮದರಾಸು ಒಂದೇ ಸಲ ಆಡಿ 130 ಓಟಗಳನ್ನು ಮಾಡಿ, ಇನ್ನಿಂಗ್ಸ್ ಮತ್ತು 23 ಓಟಗಳಿಂದ ಗೆದ್ದಿತು. ಮದರಾಸಿನ ರಾಮಸಿಂಗನೊಬ್ಬನೇ ಹನ್ನೊಂದು ವಿಕೆಟ್ಟುಗಳನ್ನು ಪಡೆದನು. ಬೆಳಗ್ಗೆ ಆರಂಭವಾದ ಪಂದ್ಯವು ಸಂಜೆಯೊಳಗೆ ಮುಗಿದುಹೋಯಿತು. ಮೈಸೂರಿನ ಆಟಕ್ಕೆ ದೊರೆತ ನಾಂದಿ ಇಂಥದು.

ಆ ಬಳಿಕ ಮೈಸೂರು ಮೇಲೇರದೆ ಇರಲಿಲ್ಲ. 1941–42ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ ಮುಂಬಯಿಗೆ ಸೋತಿತು. 1959–60ರಲ್ಲಿ ಮತ್ತೆ ಅಂತಿಮ ಪಂದ್ಯವನ್ನು ಮುಟ್ಟಿ ಮತ್ತೆ ಮುಂಬಯಿಗೇ ಸೋತಿತು. ಆ ಹೊತ್ತಿಗೆ ಮುಂಬಯಿಯ ದಿಗ್ವಿಜಯವು ಆರಂಭವಾಗಿತ್ತು. 1958–59ರಿಂದ 1972–73ರವರೆಗೆ, ಒಂದೂ ವರ್ಷ ತಪ್ಪದೆ, ಹದಿನೈದು ಸಲ ರಣಜಿ ಪ್ರಶಸ್ತಿಯು ಮುಂಬಯಿಯ ಪಾಲಾಯಿತು. 1958ರಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತ ಬಾಲಕನು ಪದವೀಧರನಾಗುವವರೆಗೂ ಆ ಪ್ರಶಸ್ತಿಯ ಮೇಲೆ ಬೇರೊಂದು ಊರಿನ ಹೆಸರನ್ನು ಕಾಣಲಿಲ್ಲವೆಂದರೆ ಅದರ ಪ್ರಮಾಣವು ತಿಳಿದೀತು.

ಈ ಪರಂಪರೆಗೆ ಕೇವಲ ಪ್ರತಿಷ್ಠೆಯೇ ಕಾರಣವೆನ್ನುವುದು ಸರಿಯಲ್ಲ. ಮುಂಬಯಿಯ ಹುಡುಗರು ವಿಶಾಲವಾದ ಮೈದಾನಗಳಲ್ಲಿ ವರ್ಷವೆಲ್ಲ ಆಡುತ್ತಿದ್ದರು. 1948ರಲ್ಲಿ ಆರಂಭವಾದ ಕಾಂಗಾ ಲೀಗ್ ಎಂಬ ಸ್ಪರ್ಧೆಯು ಮಳೆಗಾಲದಲ್ಲಿಯೇ ನಡೆಯುವಂಥದು. ನೆನೆದ ನೆಲದ ಮೇಲೆ ಅಡ್ಡಾದಿಡ್ಡಿಯಾಗಿ ಏಳುವ ಚೆಂಡನ್ನು ಎದುರಿಸಿ ಕಲಿತವನಿಗೆ ಬಿಸಿಲಿನ ಒಣನೆಲವು ಕಷ್ಟವಾಗಲಾರದು. ಆದರೆ ಹತ್ತು ಸಲ ಗೆದ್ದ ತಂಡಕ್ಕೆ ಅಭ್ಯಾಸದ ಜತೆಗೆ ಇನ್ನೊಂದು ಬಲವು ಒದಗುತ್ತದೆ. ಅದರ ಆಟಗಾರನು ಇಕ್ಕಟ್ಟಿನಲ್ಲಿ ಸಿಕ್ಕಿದಾಗ, ಹಿಂದೆಯೂ ಹೀಗೆಯೇ ಸಿಕ್ಕಿ ಪಾರಾದ ಹಿರಿಯರನ್ನು ನೆನೆಯುತ್ತಾನೆ. ಎದುರಾಳಿಯಾದರೋ, ತನ್ನ ಕೈ ಮೇಲಾಗಿರುವಾಗಲೂ, ಈ ಮೇಲುಗೈ ಎಷ್ಟು ಹೊತ್ತು ನಿಂತೀತೆಂದು ಶಂಕಿಸುತ್ತಾನೆ. ಸೋಲನ್ನು ನಿರೀಕ್ಷಿಸುವವನು ಗೆಲ್ಲುವುದಕ್ಕಾಗಿ ಆಡುವುದಿಲ್ಲ. ಹೆಚ್ಚು ಅವಮಾನವಿಲ್ಲದೆ ಸೋಲುವುದಕ್ಕಾಗಿ ಆಡುತ್ತಾನೆ. ಹೀಗೆ ಹದಿನೈದು ವರ್ಷಗಳ ಕೀರ್ತಿಯು ಮುಂಬಯಿಗೆ ಹನ್ನೆರಡನೆಯ ಆಟಗಾರನಾಗಿ ನಿಂತಿತ್ತು.

ಈ ಕೋಟೆಯನ್ನು ಭೇದಿಸಿದವರಲ್ಲಿ ಮೂವರ ಜೀವನವು ಪ್ರಸ್ತುತ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ.

ಮೊದಲನೆಯವರು ಎರಪಳ್ಳಿ ಪ್ರಸನ್ನ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು ಟೆಸ್ಟ್ ಆಟವನ್ನು ಆರಂಭಿಸಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದ ಇವರು, ಎಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸುವುದಕ್ಕಾಗಿ ಆಟದಿಂದ ಹಿಂದೆ ಸರಿದರು. ಐದು ವರ್ಷಗಳ ಅಜ್ಞಾತವಾಸವು ಆಟಗಾರನಿಗೆ ಅಲ್ಪವಲ್ಲ. ಆದರೆ 1967ರಲ್ಲಿ ಮರಳಿ ಬಂದ ಪ್ರಸನ್ನರು, ಮರುವರ್ಷದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸದ ಎಂಟು ಟೆಸ್ಟ್ ಪಂದ್ಯಗಳಲ್ಲಿ 49 ವಿಕೆಟ್ಟುಗಳನ್ನು ಪಡೆದರು. 1932ರಿಂದ ಟೆಸ್ಟ್ ಆಡುತ್ತಿದ್ದ ಭಾರತವು ಪರದೇಶದ ನೆಲದಲ್ಲಿ ಮೊದಲ ಸಲ ಗೆದ್ದುದು 1968ರಲ್ಲಿ, ಈ ಪ್ರವಾಸದಲ್ಲಿಯೇ.

ಎರಡನೆಯವರು ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಭಾಗವತ್ ಚಂದ್ರಶೇಖರ್. ಬಾಲ್ಯದಲ್ಲಿಯೇ ಪೋಲಿಯೋ ರೋಗವು ತಗುಲಿ ಇವರ ಬಲಗೈ ಸೊರಗಿಹೋಗಿತ್ತು. ಅಂಥ ಹುಡುಗನಿಂದ ಲೋಕವು ಆಟದ ವಿಷಯದಲ್ಲಿ ನಿರೀಕ್ಷಿಸುವುದು ಏನೂ ಇರುವುದಿಲ್ಲ. ಆದರೆ ಆ ಸೊರಗಿದ ಕೈಯಿಂದಲೇ ಇವರು ಚೆಂಡನ್ನು ವೇಗವಾಗಿ ತಿರುಗಿಸಿ ಎಸೆಯುವುದನ್ನು ಸಾಧಿಸಿದರು. ವಿ. ಸುಬ್ರಹ್ಮಣ್ಯರ ನಾಯಕತ್ವದ ಮೈಸೂರು ತಂಡವು ಈ ತರುಣನ ಕೈಗೆ ಚೆಂಡನ್ನು ಕೊಟ್ಟಿತು; ಕೆಲವೇ ತಿಂಗಳಲ್ಲಿ, 1964ರ ಜನವರಿಯಲ್ಲಿ, ಹದಿನೆಂಟರ ವಯಸ್ಸಿಗೆ ಇವರು ಟೆಸ್ಟ್ ಆಟಗಾರರಾದರು. ದೌರ್ಬಲ್ಯವನ್ನು ಮಾತ್ರ ಕಂಡಿದ್ದರೆ ಅಂದಿನ ಹಿರಿಯರು ಕನಿಕರಪಟ್ಟು ಸುಮ್ಮನಾಗುತ್ತಿದ್ದರು. ಅವರು ಚೆಂಡು ನೆಲಕ್ಕೆ ಬಿದ್ದಮೇಲೆ ಏನಾಗುವುದೆಂಬುದನ್ನು ಕಂಡರು. 1971ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಚಂದ್ರಶೇಖರರು 38 ಓಟಗಳಿಗೆ 6 ವಿಕೆಟ್ಟುಗಳನ್ನು ಕಿತ್ತು, ಇಂಗ್ಲೆಂಡನ್ನು 101 ಓಟಗಳಿಗೆ ಉರುಳಿಸಿದಾಗ, ಭಾರತವು ಆ ದೇಶದಲ್ಲಿ ತನ್ನ ಮೊದಲನೆಯ ಟೆಸ್ಟ್ ವಿಜಯವನ್ನು ಪಡೆಯಿತು.

ಮೂರನೆಯವರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. ಕುಳ್ಳನೆಯ ಆಕೃತಿಯ ಈ ತರುಣರು 1967ರಲ್ಲಿ ಮೈಸೂರಿನ ಪರವಾಗಿ ಆಡಿದ ಮೊದಲನೆಯ ಪಂದ್ಯದಲ್ಲಿಯೇ ಆಂಧ್ರದ ಎದುರು 230 ಓಟಗಳನ್ನು ಮಾಡಿದವರು. ಆದರೆ 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದಾಗ ಒಂದು ಓಟವೂ ಇಲ್ಲದೆ ಮರಳಬೇಕಾಯಿತು. ತಲೆ ತಗ್ಗಿಸಿ ಕುಳಿತ ತರುಣನ ಬಳಿಗೆ ನಾಯಕರಾದ ಪಟೌಡಿಯವರು ಬಂದು, ಚಿಂತೆ ಬೇಡ, ನೀನು ಶತಕವನ್ನು ಹೊಡೆಯುವೆಯೆಂಬ ಅರ್ಥದ ಮಾತನ್ನು ಆಡಿದರೆಂದು ವಿಶ್ವನಾಥರೇ ಕೃತಜ್ಞತೆಯಿಂದ ಹೇಳಿಕೊಂಡಿದ್ದಾರೆ. ಎರಡನೆಯ ಇನ್ನಿಂಗ್ಸಿನಲ್ಲಿ ಅವರು 137 ಓಟಗಳನ್ನು ಮಾಡಿದರು. ಕಡಲ ತೀರದಲ್ಲಿ ಜಾಂಬವಂತನು ಮಾಡಿದ ಕೆಲಸವನ್ನು ಕಾನ್ಪುರದಲ್ಲಿ ಪಟೌಡಿಯವರು ಮಾಡಿದರು.

ಆ ಶತಕವು ಇನ್ನೊಂದು ವಿಚಿತ್ರವಾದ ನಿರೀಕ್ಷೆಯನ್ನು ಬೆನ್ನಿಗೆ ಕಟ್ಟಿತು. ಅದಕ್ಕೆ ಮುಂಚೆ ಮೊದಲ ಟೆಸ್ಟಿನಲ್ಲಿಯೇ ಶತಕವನ್ನು ಹೊಡೆದ ಭಾರತೀಯರು ಐವರು: ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್ ಮತ್ತು ಹನುಮಂತ ಸಿಂಗ್. ಇವರಲ್ಲಿ ಯಾರೊಬ್ಬರೂ ಟೆಸ್ಟ್ ಆಟದಲ್ಲಿ ಎರಡನೆಯ ಶತಕವನ್ನು ಕಂಡಿರಲಿಲ್ಲ. ಇದೊಂದು ಶಾಪವೆಂಬ ಮಾತು ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ವಿಚಾರಮಾಡಿದರೆ ಶಾಪದ ಬಣ್ಣವು ಬಯಲಾಗುತ್ತದೆ. ಶೋಧನರಿಗೆ ದೊರೆತುದು ಒಟ್ಟು ಮೂರೇ ಟೆಸ್ಟ್ ಪಂದ್ಯಗಳು. ಅವಕಾಶವೇ ಇಲ್ಲದಲ್ಲಿ ಶಾಪವೆಲ್ಲಿಯದು? ಆದರೂ ಇಂಥ ಮಾತುಗಳಿಗೆ ಕಿವಿಗೆ ಬೀಳುವ ಶಕ್ತಿಯುಂಟು. ವಿಶ್ವನಾಥರೂ ಮೂರು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು 113 ಓಟಗಳನ್ನು ಮಾಡಿದಾಗ ಆ ಮಾತು ಸುಳ್ಳಾಯಿತು. ಆಮೇಲೆ ಅವರ ಶತಕಗಳು ಹದಿನಾಲ್ಕಕ್ಕೆ ಏರಿದುವು.

ಹೀಗೆ ಹೊರಗಿನ ಜಗತ್ತಿನಲ್ಲಿ ಅಸಾಧ್ಯವೆನಿಸಿದ್ದನ್ನು ಸಾಧಿಸಿ ಬಂದವರು ಮೈಸೂರಿನ ತಂಡದಲ್ಲಿ ನೆರೆದಿದ್ದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು; ಆ ಋತುವಿನ ತಂಡಕ್ಕೂ ಅದೇ ಹೆಸರಾಯಿತು. ನಾಯಕರು ಪ್ರಸನ್ನರು. 1974ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ, ಇಂದು ಚಿನ್ನಸ್ವಾಮಿ ಕ್ರೀಡಾಂಗಣವೆಂದು ಕರೆಯಲ್ಪಡುವ ಮೈದಾನದಲ್ಲಿ, ಉಪಾಂತ್ಯ ಪಂದ್ಯಕ್ಕಾಗಿ ಮುಂಬಯಿಯು ಎದುರಾಯಿತು. ಅಜಿತ್ ವಾಡೇಕರ್, ಸುನಿಲ್ ಗಾವಸ್ಕರ್, ಅಶೋಕ್ ಮಂಕಡ್ ಮೊದಲಾದವರಿದ್ದ ತಂಡವದು. ಕರ್ನಾಟಕದ ಪರವಾಗಿ ವಿಶ್ವನಾಥರು 162 ಓಟಗಳನ್ನೂ ಬ್ರಿಜೇಶ್ ಪಟೇಲರು 106 ಓಟಗಳನ್ನೂ ಮಾಡಿದರು. ಮುಂಬಯಿಯು ಉತ್ತರ ಕೊಡತೊಡಗಿದಾಗ ಪ್ರಸನ್ನರ ಚೆಂಡೊಂದು ಗಾವಸ್ಕರರ ವಿಕೆಟ್ಟನ್ನು ಕೆಡವಿತು. ಆದರೂ ವಾಡೇಕರರು ನಿಂತಿದ್ದರು. ಅವರು ನಿಂತಿರುವವರೆಗೆ ಹಳೆಯ ಕಥೆಯೇ ಮರುಕಳಿಸುವಂತಿತ್ತು. 62 ಓಟಗಳಾಗಿದ್ದಾಗ ಅವರು ಓಡುತ್ತ ಕಾಲು ಜಾರಿ ಬಿದ್ದರು; ಚೆಂಡು ಮರಳಿ ಬಂದು ಅವರು ರನ್ ಔಟ್ ಆದರು. ಮಿಕ್ಕ ಕೆಲಸವನ್ನು ಪ್ರಸನ್ನ ಮತ್ತು ಚಂದ್ರಶೇಖರರು ಪೂರೈಸಿದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕವು ಗೆದ್ದಿತು. ಹದಿನೈದು ವರ್ಷಗಳ ಸಾಮ್ರಾಜ್ಯವು ಅಂದಿಗೆ ಮುಗಿಯಿತು. ಅನಂತರ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಕನ್ನಡಿಗರು ಮೊದಲ ಸಲ ರಣಜಿ ಪ್ರಶಸ್ತಿಯನ್ನು ತಂದರು.

ವಾಡೇಕರರು ಜಾರಿದ್ದು ದೈವವೆಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆಟದಲ್ಲಿ ದೈವದ ಪಾಲು ಇದ್ದೇ ಇದೆ. ಆದರೆ ಹಿಂದಿನ ವರ್ಷಗಳಲ್ಲಿಯೂ ಮುಂಬಯಿಯ ಆಟಗಾರರು ಒಮ್ಮೊಮ್ಮೆ ಜಾರಿರಬೇಕು. ಜಾರಿದವನನ್ನು ಕಂಡಾಗ ಇನ್ನು ಗೆಲ್ಲಬಹುದೆಂದು ನಂಬುವವರು ಎದುರಿಗಿದ್ದರೆ ಮಾತ್ರ ಆ ಜಾರುವಿಕೆಯು ಚರಿತ್ರೆಯಾಗುತ್ತದೆ.

ಇಷ್ಟರಿಂದಲೇ ನಿರೀಕ್ಷೆಯೊಂದಿದ್ದರೆ ಸಾಕೆಂದು ತೀರ್ಮಾನಿಸುವುದು ಅವಸರವಾದೀತು. ಅದೇ 1974ರ ಬೇಸಗೆಯಲ್ಲಿ ವಾಡೇಕರರ ನಾಯಕತ್ವದಲ್ಲಿ ಭಾರತ ತಂಡವು ಇಂಗ್ಲೆಂಡಿಗೆ ಹೋಯಿತು. ಮೂರು ವರ್ಷಗಳ ಹಿಂದೆ ಅಲ್ಲಿ ಗೆದ್ದು ಬಂದ ನಾಯಕರು ಅವರೇ. ಈ ಸಲ ದೇಶಕ್ಕೆ ದೇಶವೇ ವಿಜಯವನ್ನು ಎದುರುನೋಡುತ್ತಿತ್ತು. ಲಾರ್ಡ್ಸ್ ಮೈದಾನದಲ್ಲಿ ಭಾರತವು 42 ಓಟಗಳಿಗೆ ಉರುಳಿತು. ಮೂರು ಟೆಸ್ಟ್ ಪಂದ್ಯಗಳನ್ನೂ ಸೋತಿತು. ವಾಡೇಕರರು ಮತ್ತೆ ಟೆಸ್ಟ್ ಆಡಲಿಲ್ಲ. ಕರ್ನಾಟಕದ ಕಥೆಯೂ ಇದಕ್ಕೆ ಹೊರತಲ್ಲ. ಮರುವರ್ಷವೇ ಅಂತಿಮ ಪಂದ್ಯದಲ್ಲಿ ಮುಂಬಯಿಯು ಕರ್ನಾಟಕವನ್ನು ಸೋಲಿಸಿ ಪ್ರಶಸ್ತಿಯನ್ನು ಮರಳಿ ಪಡೆಯಿತು. ಆದರೆ ಹಿಂದಿನಂತೆ ಹದಿನೈದು ವರ್ಷಗಳ ಕಾಲ ಕನ್ನಡಿಗರು ಕಾಯಲಿಲ್ಲ. 1977–78ರಲ್ಲಿ ಮತ್ತೆ ಗೆದ್ದರು. 1982–83ರಲ್ಲಿ ಮುಂಬಯಿಯನ್ನು ಮುಂಬಯಿಯಲ್ಲಿಯೇ ಹಿಂದಿಕ್ಕಿ ಗೆದ್ದರು. 1974ರಲ್ಲಿ ದೊರೆತ ಲಾಭವು ಅಜೇಯತ್ವವಲ್ಲ. ಗೆಲುವು ತಮಗೂ ಸಲ್ಲುವ ವಸ್ತುವೆಂಬ ಅರಿವು.

ಪಾಶ್ಚಾತ್ಯ ಪಂಡಿತರೂ ಈ ವಿಷಯವನ್ನು ಶೋಧಿಸಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ನರು 1948ರಲ್ಲಿ, ಸುಭದ್ರವಾದ ಬ್ಯಾಂಕೊಂದು ದಿವಾಳಿಯಾಗಲಿದೆಯೆಂಬ ಸುಳ್ಳು ಸುದ್ದಿಯನ್ನು ನಂಬಿ ಎಲ್ಲರೂ ಹಣವನ್ನು ಹಿಂತೆಗೆದರೆ, ಆ ಬ್ಯಾಂಕು ನಿಜವಾಗಿಯೇ ಮುರಿಯುವುದೆಂದು ತೋರಿಸಿಕೊಟ್ಟರು. ರೋಸೆಂಥಾಲ್ ಮತ್ತು ಜೇಕಬ್ಸನ್ ಎಂಬಿಬ್ಬರು ಕ್ಯಾಲಿಫೋರ್ನಿಯಾದ ಶಾಲೆಯೊಂದರಲ್ಲಿ ಚೀಟಿ ಎತ್ತಿದಂತೆ ಕೆಲವು ಮಕ್ಕಳನ್ನು ಆರಿಸಿ, ಇವರ ಬುದ್ಧಿಯು ಬೇಗನೆ ವಿಕಾಸಗೊಳ್ಳುವುದೆಂದು ಉಪಾಧ್ಯಾಯರಿಗೆ ತಿಳಿಸಿದರು. ವರ್ಷಾಂತ್ಯದಲ್ಲಿ, ಅದರಲ್ಲಿಯೂ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳು ಮಿಕ್ಕವರಿಗಿಂತ ಮುಂದೆ ಹೋಗಿದ್ದರೆಂದು 1968ರಲ್ಲಿ ಪ್ರಕಟಿಸಿದರು. ಈ ಪರಿಣಾಮವು ಅವರು ಹೇಳಿದಷ್ಟು ದೊಡ್ಡದಲ್ಲವೆಂದು ಅನಂತರದ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪವೂ ಉಪಯುಕ್ತವಾದುದೇ; ನಿರೀಕ್ಷೆಯು ಮಂತ್ರವಲ್ಲವೆಂಬುದನ್ನು ಅದು ನೆನಪಿಗೆ ತರುತ್ತದೆ.

ಮನೆಯಲ್ಲಿ ಮಕ್ಕಳನ್ನು ಬೆಳೆಸುವವರಿಗೂ ಶಾಲೆಯಲ್ಲಿ ಪಾಠ ಹೇಳುವವರಿಗೂ ಇದರಲ್ಲಿ ತಿಳಿಯಬೇಕಾದುದು ಉಂಟು. ಜಾಂಬವಂತನು ಆಂಜನೇಯನಲ್ಲಿ ಇಲ್ಲದ ಬಲವನ್ನು ಹೊಗಳಲಿಲ್ಲ, ಇದ್ದುದನ್ನು ನೆನಪಿಸಿದನು. ಪಟೌಡಿಯವರು ಆಟವನ್ನರಿಯದ ಹುಡುಗನಿಗೆ ಶತಕದ ಆಸೆಯನ್ನು ತೋರಿಸಲಿಲ್ಲ. ಮೊದಲ ಪಂದ್ಯದಲ್ಲಿಯೇ 230 ಓಟಗಳನ್ನು ಮಾಡಿದ್ದವನಿಗೆ, ಒಂದು ಸೊನ್ನೆಯಿಂದ ಆ ಸಾಮರ್ಥ್ಯವು ಅಳಿಯಲಿಲ್ಲವೆಂದು ಹೇಳಿದರು. ಸಾಮರ್ಥ್ಯವನ್ನು ಅರಿತು, ಅದಕ್ಕೆ ಅಭ್ಯಾಸದ ಅವಕಾಶವನ್ನು ಕೊಟ್ಟು, ಸೋತ ದಿನದಲ್ಲಿಯೂ ಕೈಬಿಡದೆ ಇರುವ ನಿರೀಕ್ಷೆಯು ಬಲವಾಗುತ್ತದೆ. ಇದಾವುದೂ ಇಲ್ಲದೆ ಫಲವನ್ನು ಮಾತ್ರ ಕೇಳುವ ನಿರೀಕ್ಷೆಯು ಹೊರೆಯಾಗುತ್ತದೆ. ಇವನಿಂದ ಏನೂ ಆಗದೆಂಬ ಮಾತು ಎಲ್ಲಕ್ಕಿಂತ ಕೆಟ್ಟದು. ಅದನ್ನು ಆಡುವವನು ತಾನರಿಯದೆಯೇ ಶಲ್ಯನ ಪೀಠದಲ್ಲಿ ಕುಳಿತಿರುತ್ತಾನೆ. ಸೊರಗಿದ ಬಲಗೈಯ ಆ ಹುಡುಗನಿಗೆ ಮೈಸೂರಿನಲ್ಲಿ ಅಂಥ ಮಾತನ್ನಾಡಿ ಚೆಂಡನ್ನು ಕೊಡದೆ ಇದ್ದಿದ್ದರೆ, ಓವಲ್ ಮೈದಾನದ ಆ ಅಪರಾಹ್ನವು ಭಾರತದ ಚರಿತ್ರೆಯಲ್ಲಿ ಇರುತ್ತಿರಲಿಲ್ಲ.