ಬಿರುಗಾಳಿಯ ವಿನಾಯಿತಿ: ವಿದ್ಯುತ್ ಕಂಪನಿಗಳ ಹೊಣೆ ಮತ್ತು ಕತ್ತಲೆಯ ಗಂಟೆಗಳ ಲೆಕ್ಕ

2021ರ ನವೆಂಬರ್ 26ರಂದು ಬ್ರಿಟನ್ನಿನ ಉತ್ತರ ಭಾಗಕ್ಕೆ ಅಪ್ಪಳಿಸಿದ ‘ಆರ್ವೆನ್’ ಬಿರುಗಾಳಿಯಿಂದ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಆ ಸೀಮೆಯಲ್ಲಿ ಜೋರು ಗಾಳಿ ಸಾಮಾನ್ಯವಾಗಿ ನೈಋತ್ಯದಿಂದ ಬೀಸುತ್ತದೆ. ಮರಗಳು ಬೇರು ಬಿಗಿಹಿಡಿದು ನಿಂತಿರುವುದೂ ಆ ಗಾಳಿಗೇ. ಈ ಸಲ ಗಾಳಿ ಉತ್ತರದಿಂದ ಬಂತು. ಸ್ಕಾಟ್ಲೆಂಡ್ ಹಾಗೂ ಈಶಾನ್ಯ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮರಗಳು ತಂತಿಯ ಮೇಲೆ ಉರುಳಿದವು, ಕಂಬಗಳು ಮುರಿದವು. ಬಹುಪಾಲು ಮನೆಗಳಿಗೆ ಬೇಗನೆ ವಿದ್ಯುತ್ ಮರಳಿತು. ಆದರೆ ಸುಮಾರು 40,000 ಗ್ರಾಹಕರು ಮೂರು ದಿನಕ್ಕೂ ಹೆಚ್ಚು, ನಾಲ್ಕು ಸಾವಿರದಷ್ಟು ಮನೆಯವರು ವಾರಕ್ಕೂ ಹೆಚ್ಚು ಕಾಲ ಚಳಿಯಲ್ಲಿ, ಕತ್ತಲೆಯಲ್ಲಿ ದಿನ ಕಳೆದರು. ಮನೆಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಲು ಕೊನೆಗೆ ಸೈನಿಕರನ್ನೇ ಕಳಿಸಬೇಕಾಯಿತು.

ಬಿರುಗಾಳಿಯ ಹೊತ್ತಿನಲ್ಲಿ ಕಂಪನಿಯ ಹೊಣೆಯ ಗಂಟೆಗಳನ್ನು ಎಣಿಸುವವರು ಯಾರು, ಆ ಎಣಿಕೆಯನ್ನು ನಿಲ್ಲಿಸುವ ಅಧಿಕಾರ ಯಾರದು? ಸರ್ಕಾರಿ ಮೇಲ್ವಿಚಾರಣೆಯ ಸತ್ವ ಈ ಎರಡು ಪ್ರಶ್ನೆಗಳಲ್ಲಿದೆ ಎಂಬುದು ಈ ಲೇಖನದ ವಾದ.

ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್‌ನ ವ್ಯವಸ್ಥೆಯಲ್ಲಿ ಬಿರುಗಾಳಿ ಬಂದರೆ ಕಂಪನಿಗೆ ಹೆಚ್ಚಿನ ಕಾಲಾವಕಾಶ ಸಿಗುತ್ತದೆ. ಗಾಳಿಯ ಹಾನಿ ತೀವ್ರವಾಗಿದ್ದರೆ 48 ಗಂಟೆ. ಅದು ಮುಗಿದೊಡನೆ ಪರಿಹಾರದ ಲೆಕ್ಕ ಶುರು. ಆರ್ವೆನ್ ಕಾಲಕ್ಕೆ ಇದ್ದ ದರ ಹೀಗಿತ್ತು: 48 ಗಂಟೆ ಕಳೆದರೆ 70 ಪೌಂಡ್, ಆಮೇಲೆ ಪ್ರತಿ 12 ಗಂಟೆಗೆ ಮತ್ತೆ 70, ಒಟ್ಟು 700 ಮೀರುವಂತಿಲ್ಲ. ಕೂಡಿಸಿ ನೋಡಿದರೆ 156ನೆಯ ಗಂಟೆಗೆ, ಅಂದರೆ ಆರೂವರೆ ದಿನಕ್ಕೆ, ಮಿತಿ ಮುಟ್ಟುತ್ತಿತ್ತು. ಅಲ್ಲಿಂದಾಚೆ ಆ ಮನೆ ಇನ್ನೊಂದು ದಿನ ಕತ್ತಲಲ್ಲಿದ್ದರೂ ಕಂಪನಿಯ ಜೇಬಿಗೆ ಹೊರೆಯಿರಲಿಲ್ಲ. ವಾರ ಕಾದ ನಾಲ್ಕು ಸಾವಿರ ಮನೆಗಳು ಬಿದ್ದದ್ದು ಸರಿಯಾಗಿ ಈ ಸಂದಿಯಲ್ಲಿ. ಅತ್ಯಂತ ಹೆಚ್ಚು ನೊಂದವರ ವಿಷಯದಲ್ಲೇ ನಿಯಮ ಕೈಚೆಲ್ಲುತ್ತಿತ್ತು. ಆಫ್‌ಜೆಮ್ ಆ ಸಲದ ಮಟ್ಟಿಗೆ ಮಿತಿಯನ್ನು ತೆಗೆಸಿತು. ನಂತರದ ಪರಿಷ್ಕರಣೆಯಲ್ಲಿ ಮೊದಲ ಕಂತು 80 ಪೌಂಡ್, ಮುಂದೆ ಪ್ರತಿ ಆರು ಗಂಟೆಗೆ 40, ಮಿತಿ 2,000 ಎಂದಾಯಿತು. ಈಗ ಲೆಕ್ಕ ಹದಿನಾಲ್ಕು ದಿನ ಓಡುತ್ತದೆ.

2022ರ ಜೂನ್‌ನಲ್ಲಿ ಹೊರಬಂದ ಆಫ್‌ಜೆಮ್‌ನ ಆರ್ವೆನ್ ವರದಿ ಹಣಕ್ಕಿಂತ ಮಾತಿನ ಬಗ್ಗೆ ಹೇಳಿದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕರೆಂಟ್ ಯಾವಾಗ ಬರುತ್ತದೆಂದು ಕಂಪನಿಗಳು ತಪ್ಪು ಅಂದಾಜು ಕೊಟ್ಟಿದ್ದವು. ‘ಇವತ್ತು ಸಂಜೆ ಬರುತ್ತದೆ’ ಎಂದರೆ ವಯಸ್ಸಾದವರು ನೆಂಟರ ಮನೆಗೆ ಹೋಗದೆ ಅಲ್ಲೇ ಕಾಯುತ್ತಾರೆ; ಸಂಜೆಯ ಮಾತು ಮರುದಿನಕ್ಕೆ, ಮರುದಿನದ್ದು ಅದರ ಮರುದಿನಕ್ಕೆ ಹೋದರೆ ಆ ಅಂದಾಜೇ ಒಂದು ಅಪಾಯ. ಸುಮಾರು ಮೂರು ಕೋಟಿ ಪೌಂಡ್ ನೇರ ಪರಿಹಾರದ ಜೊತೆಗೆ ಮೂರು ಕಂಪನಿಗಳು ಇನ್ನೂ ಒಂದು ಕೋಟಿಗೂ ಮಿಕ್ಕಿದ ಮೊತ್ತ ತೆರಬೇಕಾಯಿತು.

ಕರ್ನಾಟಕದಲ್ಲಿ ಕಾನೂನಿಗೆ ಕೊರತೆಯಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೆಯ ಸೆಕ್ಷನ್ ಸೇವಾ ಗುಣಮಟ್ಟ ನಿಗದಿಪಡಿಸುವ ಅಧಿಕಾರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಕೊಟ್ಟಿದೆ. ತಪ್ಪಿದ ಕಂಪನಿ ಪರಿಹಾರ ಕೊಡಬೇಕು. 59ನೆಯ ಸೆಕ್ಷನ್ ಪ್ರಕಾರ ಎಷ್ಟು ಪ್ರಕರಣಗಳಲ್ಲಿ ಪರಿಹಾರ ಕೊಟ್ಟೆವೆಂದು ಕಂಪನಿ ಆಯೋಗಕ್ಕೆ ತಿಳಿಸಬೇಕು. ಆದರೆ ಇಂಥ ಗುಣಮಟ್ಟದ ನಿಯಮಾವಳಿಗಳಲ್ಲಿ ಪ್ರವಾಹ, ಚಂಡಮಾರುತ, ಸಿಡಿಲಿನಂಥ ಕೈಮೀರಿದ ಸಂದರ್ಭಗಳಿಗೆ ವಿನಾಯಿತಿ ಸಾಮಾನ್ಯ. ಬ್ರಿಟನ್ನಿನಲ್ಲಿ ಬಿರುಗಾಳಿ ಗಡುವನ್ನು ಮುಂದಕ್ಕೆ ತಳ್ಳಿದರೆ ಇಲ್ಲಿ ಗಡುವೇ ಅಮಾನತಾಗುತ್ತದೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ವರ್ಷದ ವಾಡಿಕೆ. ಅದನ್ನೇ ಕೈಮೀರಿದ ಸಂದರ್ಭ ಎಂದು ಓದಿಕೊಂಡರೆ ವರ್ಷದ ಮೂರನೇ ಒಂದು ಪಾಲು ಲೆಕ್ಕದಿಂದ ಹೊರಗುಳಿಯುತ್ತದೆ.

ಇನ್ನೊಂದು ತೊಡಕು ಒಡೆತನದ್ದು. ನಮ್ಮ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಸರ್ಕಾರದವೇ. ಪರಿಹಾರದ ಹಣವನ್ನು ಕಂಪನಿ ಮುಂದಿನ ವರ್ಷದ ಖರ್ಚಿನಲ್ಲಿ ಸೇರಿಸಿದರೆ ಅದು ದರ ಏರಿಕೆಯಾಗಿ ಅದೇ ಗ್ರಾಹಕರ ಬಿಲ್ಲಿಗೆ ಮರಳುತ್ತದೆ. ಹಾಗಾಗದಂತೆ ತಡೆಯಬಲ್ಲದ್ದು ದರ ಪರಿಷ್ಕರಣೆಯ ವಿಚಾರಣೆಯಲ್ಲಿ ಆ ಖರ್ಚನ್ನು ತಳ್ಳಿಹಾಕುವ ಆಯೋಗ ಮಾತ್ರ.

ಪರಿಹಾರದ ಲೆಕ್ಕಕ್ಕೆ ಮೊದಲು ಗಂಟೆ ದಾಖಲಾಗಿರಬೇಕು. ಮಲೆನಾಡಿನ ಎಸ್ಕಾಂನ ಒಂದು ಸೆಕ್ಷನ್ ಆಫೀಸಿನಲ್ಲಿ ಮಳೆಗಾಲದ ದೂರು ರಿಜಿಸ್ಟರನ್ನು ನಾನು ತಿರುವಿ ನೋಡಿದ್ದೇನೆ. ‘ಲೈನ್ ಮೇಲೆ ಅಕೇಶಿಯಾ ಬಿದ್ದಿದೆ’, ‘ಟಿಸಿ ಸುಟ್ಟಿದೆ’ ಎಂಬ ದೂರುಗಳ ಎದುರು ದಿನಾಂಕವೂ ಗಂಟೆಯೂ ಇದ್ದವು. ಸರಿಪಡಿಸಿದ ಅಂಕಣದಲ್ಲಿ ಹೆಚ್ಚಿನ ಕಡೆ ಒಂದು ಸಹಿ ಮಾತ್ರ. ಸಹಿ ಮಾಡಿದ ಪವರ್‌ಮನ್‌ನನ್ನು ದೂರುವಂತಿಲ್ಲ. ಸುರಿಯುವ ಮಳೆಯಲ್ಲಿ ಗರಗಸ, ಹಗ್ಗ ಹೊತ್ತು ಎರಡು ಹಳ್ಳ ದಾಟಿ ಹೋಗಿ, ಲೈನ್ ಕ್ಲಿಯರ್ ಪಡೆದು, ಕಂಬ ಹತ್ತಿ ಬಂದವನು ಗಂಟೆ ಬರೆಯಲಿಲ್ಲವೆಂದು ಯಾವ ಬಾಯಿಂದ ಹೇಳುವುದು? ಗಂಟೆ ಬರೆಯುವುದನ್ನು ಕಡ್ಡಾಯ ಮಾಡದ ವ್ಯವಸ್ಥೆಯ ಕೊರತೆ ಅದು.

2020ರ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳು ದೂರದಿಂದ ಅಳೆಯಬಹುದಾದ ಲೋಪಗಳಿಗೆ ಅರ್ಜಿಯಿಲ್ಲದೆ ತಾನಾಗಿ ಪರಿಹಾರ ಸಲ್ಲಬೇಕೆನ್ನುತ್ತವೆ. ಒಳ್ಳೆಯ ನಿಯಮ. ಆದರೆ ದೂರದಿಂದ ಓದಬಹುದಾದ ಮೀಟರ್ ಹೆಚ್ಚಾಗಿ ಇರುವುದು ಸಬ್‌ಸ್ಟೇಷನ್ನಿನ 11 ಕೆವಿ ಫೀಡರಿನಲ್ಲಿ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ಆಚೆ ಮನೆಗಳಿಗೆ ಹೋಗುವ ಎಲ್‌ಟಿ ತಂತಿಯ ಮೇಲೆ ಮರ ಬಿದ್ದರೆ ಫೀಡರ್ ಚಾಲೂ ಇದೆ ಎಂದೇ ಮೀಟರ್ ತೋರಿಸುತ್ತದೆ. ತುದಿಯ ಐದಾರು ಮನೆಗಳ ಕತ್ತಲೆಗೆ ಸಾಕ್ಷಿಯಾಗಿ ಉಳಿಯುವುದು ಸಹಾಯವಾಣಿ 1912ಕ್ಕೆ ಮಾಡಿದ ಕರೆ ಮತ್ತು ಆ ರಿಜಿಸ್ಟರಿನ ಒಂದು ಸಾಲು.